ಬಾಯಿ ನಂದು, ಮಾತು ಇನ್ಯಾರ್ದೋ: ಚಿತ್ರನಗರಿ ಕಟ್ಟಹೊರಟವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ಚಲನಚಿತ್ರ ಅಕಾಡೆಮಿ,
ಆಯುಕ್ತರು, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ,
ಬೆಂಗಳೂರು.

ಮಾನ್ಯರೇ,

ಮೈಸೂರಿನಲ್ಲಿ 150 ಎಕರೆ ಜಾಗದಲ್ಲಿ, ಸರ್ಕಾರಿ-ಖಾಸಗಿ ಸಹಭಾಗಿತ್ವದಡಿ, 500 ಕೋಟಿ ರೂಪಾಯಿ ವೆಚ್ಚದಲ್ಲಿ ಚಿತ್ರನಗರಿ ನಿರ್ಮಿಸುವುದಾಗಿ 2025-26ರ ಬಜೆಟ್‌ನಲ್ಲಿ ಸರ್ಕಾರ ಹೇಳಿದ ಮೇಲೆ ನಮ್ಮ ಕಡೆ ಆ ವಿಚಾರವಾಗಿ ನಡೆಯುವ ಮಾತೆಲ್ಲ ಜಮೀನು, ರಸ್ತೆ, ಹೋಟೆಲು, ಉದ್ಯೋಗ ಇವುಗಳ ಸುತ್ತಲೇ ಸುತ್ತುತ್ತಿದೆ. ಅವೆಲ್ಲ ಆಡಬೇಕಾದ ಮಾತುಗಳೇ. ಆದರೆ ಅಲ್ಲಿ ತಯಾರಾಗುವ ಸಿನಿಮಾಗಳಲ್ಲಿ ಈ ಸೀಮೆಯ ಜನ ಯಾರ ಮಾತನ್ನು ಆಡುತ್ತಾರೆ ಎಂಬುದನ್ನು ಯಾರೂ ಕೇಳುತ್ತಿಲ್ಲವಾದ್ದರಿಂದ, ಮೂವತ್ತೆರಡು ವರ್ಷ ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಈ ಪತ್ರ ಬರೆಯುತ್ತಿದ್ದೇನೆ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಪುಸ್ತಕ ಓದಿ ಅಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಒಂದು ಕನ್ನಡ ಚಿತ್ರದ ತಂಡ ಬೀಡುಬಿಟ್ಟಿತ್ತು. ಊರಿನವರಿಂದಲೇ ಸಣ್ಣಪುಟ್ಟ ಪಾತ್ರ ಮಾಡಿಸುತ್ತಿದ್ದ ಕಾರಣ, ಅವರಿಗೆ ಸಂಭಾಷಣೆ ಹೇಳಿಕೊಡಲು ಒಬ್ಬ ಮೇಷ್ಟ್ರು ಬೇಕೆಂದು ನನ್ನನ್ನು ಕರೆದಿದ್ದರು. ಒಂದು ದೃಶ್ಯದಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರೊಬ್ಬರು ಬರಬೇಕಿತ್ತು. ಅದಕ್ಕೆ ನಿಜವಾಗಿಯೂ ಅದೇ ಕಸುಬು ಮಾಡುತ್ತಿದ್ದ ಹಿರಿಯರೊಬ್ಬರನ್ನು ಹಿಡಿದು ತಂದಿದ್ದರು. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತುತ್ತ, ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ತೀಡಿದರೆ ಪಾತ್ರೆಯ ಒಳಮೈ ಬೆಳ್ಳಿಯಾಗುವುದನ್ನು ಕ್ಯಾಮೆರಾದವರು ಬಾಯಿ ಬಿಟ್ಟುಕೊಂಡು ನೋಡಿದರು. ಕೆಲಸ ಮುಗಿಸಿ ಅವರು ಪಾತ್ರೆಯನ್ನು ಎತ್ತಿ ಹಿಡಿದು, ಯಾರೂ ಹೇಳಿಕೊಡದೆಯೇ, “ನೋಡ್ಕಳವ್ವ, ಇನ್ನು ವರ್ಸಾನ್‌ಗಟ್ಲೆ ಹುಳಿ ಉಯ್ದ್ರೂ ಏನಾಗಕ್ಕಿಲ್ಲ” ಎಂದರು. ಅಂಥ ಮಾತನ್ನು ಬರೆಯಲು ಸಂಭಾಷಣೆಕಾರರು ದಿನಗಟ್ಟಲೆ ಕೂರಬೇಕು.

ಸಹಾಯಕ ನಿರ್ದೇಶಕರು ಕಟ್ ಹೇಳಿಸಿದರು. ಅವರ ಕೈಯಲ್ಲಿದ್ದ ಹಾಳೆಯಲ್ಲಿ ಇದ್ದ ಮಾತು ಬೇರೆ: “ಅರೇ ಅಮ್ಮಾ, ನಿಮ್ದುಕೆ ಪಾತ್ರೆ ನಮ್ದು ಚೆನ್ನಾಗಿ ಮಾಡ್ತಾವೆ.” ಹಿರಿಯರು ಮೂರು ಸಲ ಪ್ರಯತ್ನಪಟ್ಟರು, ನಾಲಗೆ ಹೊರಳಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, “ನಾನ್ ಹುಟ್ಟಿದ್ದೇ ಇಲ್ಲಿ ಸಾ, ಈ ತರ ಕನ್ನಡವ ಯಾವೂರಲ್ ಮಾತಾಡ್ತರೆ? ಹೇಳ್ಕೊಡಿ, ಕಲ್ತ್ಕತೀನಿ” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಒಪ್ಪಿಕೊಂಡ ಕೆಲಸವನ್ನು ಸರಿಯಾಗಿ ಮಾಡಬೇಕೆಂಬ ಕಸುಬುದಾರನ ಕಾಳಜಿಯಷ್ಟೇ ಇತ್ತು. ಅವರು ಆಡಿದ ಮಾತೇ ಇರಲಿ ಎಂದು ನಾನು ಕೇಳಿಕೊಂಡಾಗ ಆ ಯುವಕ, ನಿಜಕ್ಕೂ ಒಳ್ಳೆಯ ಹುಡುಗ, ಬೇಸರವಿಲ್ಲದೆ ಹೇಳಿದ: “ಸರ್, ಇವರು ಹೀಗೇ ಮಾತಾಡಿದರೆ ಸಾಬರು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?” ಡಬ್ಬಿಂಗ್‌ನಲ್ಲಿ ಬೇರೆ ಯಾರಿಂದಲೋ ಆ ಹಾಳೆಯ ಮಾತನ್ನೇ ಹೇಳಿಸಿದರು. ಚಿತ್ರ ಬಿಡುಗಡೆಯಾದಾಗ ಹಿರಿಯರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ನೋಡಿ ಬಂದರು. ಮಾರನೆಯ ವಾರ ಸಂತೆಯಲ್ಲಿ ಸಿಕ್ಕಾಗ ಅವರು ಅಂದದ್ದೇ ಈ ಪತ್ರದ ತಲೆಬರಹ: “ಬಾಯಿ ನಂದು, ಮಾತು ಇನ್ಯಾರ್ದೋ.”

ಮಾನ್ಯರೇ, ಆ ಯುವಕನ ಪ್ರಶ್ನೆಯಲ್ಲಿ ದ್ವೇಷವಿಲ್ಲ. ಇರುವುದು ಒಂದು ನಂಬಿಕೆ: ತೆರೆಯ ಮೇಲೆ ಬರುವ ಪ್ರತಿಯೊಬ್ಬ ಮನುಷ್ಯನೂ ಯಾವ ಜಾತಿ, ಯಾವ ಮತ, ಯಾವ ಸೀಮೆಯವನು ಎಂಬುದು ಬಾಯಿ ತೆರೆದ ಕೂಡಲೇ ತಿಳಿಯಬೇಕು, ತಿಳಿಯದಿದ್ದರೆ ಪ್ರೇಕ್ಷಕ ಗಲಿಬಿಲಿಗೊಳ್ಳುತ್ತಾನೆ ಎಂಬ ನಂಬಿಕೆ. ಗಡ್ಡವಿತ್ತು, ಟೋಪಿಯಿತ್ತು, ಕಸುಬೇ ಹೇಳುತ್ತಿತ್ತು, ಅಷ್ಟಾದರೂ ಸಾಲದಾಯಿತು. ಸಾಲದೇ ಹೋದದ್ದು ಏಕೆಂದರೆ, ಸಾಬರೂ ಹೌದು ಮಂಡ್ಯದವರೂ ಹೌದು ಎಂಬ ಒಬ್ಬ ಮನುಷ್ಯನಿಗೆ ಆ ಹಾಳೆಯಲ್ಲಿ ಜಾಗವಿರಲಿಲ್ಲ. ಅವರು ಎರಡರಲ್ಲಿ ಒಂದಾಗಬೇಕಿತ್ತು. ನಮ್ಮ ಸಿನಿಮಾದಲ್ಲಿ ವೈವಿಧ್ಯವಿಲ್ಲ ಎಂಬ ದೂರನ್ನು ನಾನು ಮಾಡುತ್ತಿಲ್ಲ, ವೈವಿಧ್ಯ ಬೇಕಾದಷ್ಟಿದೆ. ನಾಯಕನಿಗಾಗಿ ಪ್ರಾಣ ಬಿಡುವ ಸಾಬರ ಗೆಳೆಯ, ಶಿಲುಬೆ ಹಿಡಿದು ಬುದ್ಧಿ ಹೇಳುವ ಪಾದ್ರಿ, ಅಡವಿಟ್ಟ ಒಡವೆಯನ್ನು ತೂಗುವ ಸೇಠು, ‘ಶಾಬ್’ ಎನ್ನುವ ಗೂರ್ಖಾ, ಟೀ ಅಂಗಡಿಯ ಮಲಯಾಳಿ ಕಾಕಾ, ಇವರೆಲ್ಲ ಸಾಲಾಗಿ ಬಂದು ಹೋಗುತ್ತಾರೆ, ಒಬ್ಬೊಬ್ಬರಿಗೂ ಒಂದೊಂದು ತಪ್ಪು ಕನ್ನಡ ಗೊತ್ತುಮಾಡಿಟ್ಟಿದೆ. ಇಲ್ಲದಿರುವುದು ಬೆರಕೆ. ಒಬ್ಬನೊಳಗೆ ಎರಡು ಮೂರು ನುಡಿ, ಎರಡು ಮೂರು ಊರು ಒಟ್ಟಿಗೆ ಬಾಳುವುದನ್ನು ತೋರಿಸುವ ವ್ಯವಧಾನ ಇಲ್ಲ.

ಇದರಲ್ಲಿ ಒಂದು ತಮಾಷೆಯೂ ಇದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಾಗ ಅದಕ್ಕೆ ಹಣ ಹಾಕಿದವರು ಮಾರ್ವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ, ನಿರ್ದೇಶಿಸಿದವರು ತೆಲುಗು ಸೀಮೆಯ ವೈ.ವಿ. ರಾವ್, ಚಿತ್ರೀಕರಣ ನಡೆದದ್ದು ಮರಾಠಿ ನಾಡಿನ ಕೊಲ್ಹಾಪುರದ ಸ್ಟುಡಿಯೋದಲ್ಲಿ, ಮುಖ್ಯ ಪಾತ್ರ ಮಾಡಿದವರು ನಮ್ಮ ವೃತ್ತಿ ರಂಗಭೂಮಿಯ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್ ಮೊದಲಾದವರು. ಹುಟ್ಟುವಾಗಲೇ ಇಷ್ಟು ನುಡಿಗಳ ಮಡಿಲಲ್ಲಿ ಹುಟ್ಟಿದ ಕಲೆ ಮುಂದೆ ಸೇಠನನ್ನು ತೂಕದ ತಕ್ಕಡಿಯ ಹಿಂದೆ ಕೂರಿಸಿ ನಗುವುದಕ್ಕೆ ಕಲಿಯಿತು.

ಸಾಹಿತ್ಯ ಹೀಗೆ ಮಾಡಲಿಲ್ಲ ಎಂಬುದನ್ನು ಮೇಷ್ಟ್ರಾಗಿ ನಾನು ಹೇಳಲೇಬೇಕು. ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆಯವರು ಧಾರವಾಡದ ಕನ್ನಡವನ್ನು ಹಾಡಿಸಿದರು. ಮನೆಮಾತು ತಮಿಳಾದ ಮಾಸ್ತಿಯವರು ನಮಗೆ ಸಣ್ಣಕತೆ ಕಲಿಸಿದರು. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ.ನ. ಅವರನ್ನು ತಮಿಳರು ಎಂದು ನಮ್ಮ ಯಾವ ವಿದ್ಯಾರ್ಥಿಯೂ ಓದಲಿಲ್ಲ, ತಮಿಳು ಅವರ ಕನ್ನಡದೊಳಗೆ ಇಲ್ಲ ಎಂದೂ ಯಾರೂ ಹೇಳಲಾರರು. ಹಾಸನದ ಬಾನು ಮುಷ್ತಾಕ್ ಅವರ ಕತೆಗಳಲ್ಲಿ ಕನ್ನಡ, ನಮ್ಮ ಕಡೆಯ ಮುಸ್ಲಿಮರ ಮನೆಮಾತಿನ ಉರ್ದುವಾದ ದಖನಿ, ಅರಬ್ಬೀ ಪದಗಳು ಒಂದೇ ಉಸಿರಿನಲ್ಲಿ ಬರುತ್ತವೆ; ಆ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು, ಅದೇ ವರ್ಷ ಅವರೇ ಚಾಮುಂಡಿಬೆಟ್ಟದಲ್ಲಿ ದಸರೆಯನ್ನು ಉದ್ಘಾಟಿಸಿದರು. ಅದನ್ನು ವಿರೋಧಿಸಿದವರೂ ಇದ್ದರು, ನಿಜ. ಆದರೆ ಓದುಗ ಗಲಿಬಿಲಿಗೊಳ್ಳುತ್ತಾನೆ ಎಂದು ಅವರ ವಾಕ್ಯಗಳನ್ನು ಯಾವ ಸಂಪಾದಕರೂ ‘ನಮ್ದು ನಿಮ್ದು’ ಎಂದು ತಿದ್ದಲಿಲ್ಲ.

ಮಂಡ್ಯವನ್ನೇ ತೆಗೆದುಕೊಳ್ಳಿ. ಅಪ್ಪಟ ಒಕ್ಕಲು ನಾಡು, ಕಲಬೆರಕೆಯಿಲ್ಲದ ಹಳೇ ಮೈಸೂರು ಎಂದು ತೆರೆಯ ಮೇಲೆ ತೋರಿಸುವ ಜಿಲ್ಲೆ ಇದು. ಇಲ್ಲಿಯ ಕಬ್ಬಿನ ಲಾರಿಗಳು ಸಾಲುಗಟ್ಟಿ ನಿಲ್ಲುವ ಮೈಷುಗರ್ ಕಾರ್ಖಾನೆ 1933ರಲ್ಲಿ ಬಂದದ್ದರ ಹಿಂದೆ ಕೆನಡಾದಿಂದ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಶ್ರಮವಿದೆ. ಎಷ್ಟೋ ಭಾಷೆಗಳ ನಾಯಕ-ನಾಯಕಿಯರು ಹಾಡಿ ಕುಣಿದ ಕನ್ನಂಬಾಡಿಯ ಬೃಂದಾವನ, ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದವರ ವಂಶದ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ರೂಪುಗೊಂಡಿತು. ಮೇಲುಕೋಟೆಯಲ್ಲಿ ಚೆಲುವನಾರಾಯಣನನ್ನು ಹಿಂಬಾಲಿಸಿ ದೆಹಲಿಯಿಂದ ಬಂದಳೆನ್ನುವ ತುರುಕ ರಾಜಕುಮಾರಿ ಬೀಬಿ ನಾಚ್ಚಿಯಾರ್‌ಗೆ ಇಂದಿಗೂ ಪೂಜೆ ಸಲ್ಲುತ್ತದೆ. ಅಷ್ಟೇಕೆ, ನಾವು ಎದೆ ತಟ್ಟಿ ಹೇಳಿಕೊಳ್ಳುವ ‘ರೈತ’ ಎಂಬ ಪದವೇ ಅರಬ್ಬೀ ಮೂಲದ ‘ರಯತ್’; ಅವನ ‘ಜಮೀನು’ ಫಾರಸಿ. ಕಲಾಯಿ ಸಾಹೇಬರ ಮನೆಯಲ್ಲಿ ಆಡುವ ದಖನಿಯಲ್ಲಿ ಬೇಡ ಎನ್ನಲು ಬಳಸುವ ‘ನಕ್ಕೋ’ ಮರಾಠಿಯಿಂದ ಬಂದದ್ದು. ಹಿಂದಿ ಸಿನಿಮಾ ಆ ದಖನಿಯನ್ನೂ ನಗೆಪಾಟಲಿಗೇ ಇಟ್ಟುಕೊಂಡಿದೆ. ಅಂದರೆ ಆ ಹಿರಿಯರು ಎರಡು ಭಾಷೆಯ ಸಿನಿಮಾದಲ್ಲೂ ತಪ್ಪು ಮಾತಾಡುವವರು!

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಮಂಡ್ಯದ ತಮಿಳು ಕಾಲೊನಿ. ತಲೆಮಾರುಗಳ ಹಿಂದೆ ಕೂಲಿಗಾಗಿ ಬಂದು ಇಲ್ಲಿಯವರೇ ಆದ ಕುಟುಂಬಗಳವು. ಅಲ್ಲಿಯ ಮಕ್ಕಳು ನನ್ನ ತರಗತಿಯಲ್ಲಿ ಕೂತು, ನನ್ನ ಉಚ್ಚಾರಣೆಯನ್ನೇ ಅಣಕಿಸುವಷ್ಟು ಚೆನ್ನಾಗಿ ಮಂಡ್ಯ ಕನ್ನಡ ಆಡಿದವರು. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ಅಧಿಸೂಚನೆ ಹೊರಬಿದ್ದು, ರಾಜ್ಯದಲ್ಲಿ ತಮಿಳರ ಮೇಲೆ ಹಲ್ಲೆಗಳು ನಡೆದ ದಿನಗಳಲ್ಲಿ, ಪದ್ಯ ವಾಚನದಲ್ಲಿ ಮೊದಲ ಬಹುಮಾನ ಪಡೆಯುತ್ತಿದ್ದ ಒಬ್ಬ ಹುಡುಗಿ ಹತ್ತು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಗೇಟಿನ ಹೊರಗೆ ಅವಳ ಅಜ್ಜಿ ಏನೋ ಮರೆತದ್ದನ್ನು ಹೇಳಲು ತಮಿಳಿನಲ್ಲಿ ಕೂಗಿದಾಗ ಅವಳು ಕೇಳಿಸದವಳಂತೆ ಒಳಗೆ ನಡೆದಳು. ಅಜ್ಜಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಅದೇ ಮಾತನ್ನು ಕನ್ನಡದಲ್ಲಿ ಕೂಗಿದರು. ಆ ಹುಡುಗಿ ತಿರುಗಿ ನೋಡಿದಳು. ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿದ್ದೆ. ಕಾವೇರಿಯ ಮೇಲೆ ನಮ್ಮಲ್ಲಿ ಹಾಡುಗಳಿವೆ, ಆರ್ಭಟದ ಸಂಭಾಷಣೆಗಳಿವೆ. ಗದ್ದೆಗೆ ನೀರೂ ಬೇಕು, ಅಜ್ಜಿಯ ಮಾತೂ ಬೇಕು ಎಂಬ ಇಂಥ ಒಂದು ಮನೆಯನ್ನು ಮಾತ್ರ ನಾನು ನೋಡಿದ ಯಾವ ಚಿತ್ರದಲ್ಲೂ ಕಂಡಿಲ್ಲ.

ಮೈಸೂರು ಜಿಲ್ಲೆಯ ಕಡೆ ಹೋದರೂ ಇದೇ ಕತೆ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರ ಮೂರನೆಯ ತಲೆಮಾರಿನ ಹುಡುಗರು ಮುಸುಕಿನ ಜೋಳದ ದರವನ್ನು ಪಿರಿಯಾಪಟ್ಟಣದ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ನಮ್ಮ ಸಿನಿಮಾಗೆ ಅಲ್ಲಿಯ ಚಿನ್ನದ ದೇವಸ್ಥಾನ ಹಾಡಿನ ಹಿಂದಿನ ಪರದೆಯಾಗಿ ಸಾಕು. ಹೆಗ್ಗಡದೇವನಕೋಟೆಯ ಹಾಡಿಗಳ ಜೇನುಕುರುಬರು, ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದ ರಾಜ್ಯದ ಎರಡು ಸಮುದಾಯಗಳಲ್ಲಿ ಒಂದು, ಕಾಡಿನಿಂದ ಹೊರಬಿದ್ದು ಕೊಡಗಿನ ತೋಟಗಳಿಗೆ ಜೀಪಿನಲ್ಲಿ ಕೂಲಿಗೆ ಹೋಗುತ್ತಿದ್ದಾರೆ. ತೆರೆಯ ಮೇಲಿನ ಕಾಡಿನವರು ಇನ್ನೂ ಸೊಪ್ಪು ಸುತ್ತಿಕೊಂಡು ಬೆಂಕಿಯ ಸುತ್ತ ಕುಣಿಯುತ್ತಿದ್ದಾರೆ.

ಬೇರೆ ರೀತಿಯಲ್ಲಿ ಮಾಡಿದವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಬಾನು ಮುಷ್ತಾಕ್ ಅವರ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ‘ಹಸೀನಾ’ ಮಾಡಿದರು. ಕುಂದಾಪುರದ ಕಡಲ ಮಗ್ಗುಲಿನ ಮುಸ್ಲಿಂ ಸೂಲಗಿತ್ತಿಯನ್ನು ನಡುವಿಟ್ಟು ‘ಗುಲಾಬಿ ಟಾಕೀಸು’ ಮಾಡಿದರು. ತಾರಾ ಅವರಿಗೂ ಉಮಾಶ್ರೀ ಅವರಿಗೂ ಈ ಪಾತ್ರಗಳು ರಾಷ್ಟ್ರಪ್ರಶಸ್ತಿ ತಂದವು. ನಮ್ಮದೇ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಊರಿನವರನ್ನೇ ಹಾಕಿಕೊಂಡು ತೆಗೆದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿನ್ನದ ಚಿರತೆ ಪಡೆದು ಬಂತು. ಅದನ್ನು ನೋಡುವಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು ನಗಲೇ ಇಲ್ಲ, “ಇದ್ರಲ್ ನಗಾದೇನದೆ, ನಮ್ಮಟ್ಟೀಲಿ ದಿನಾ ಇದೇಯ” ಎಂದರು. ನಮ್ಮ ಮಾತು ತಮಾಷೆಯಾಗಿ ಬಾರದೆ ಮಾತಾಗಿ ಬಂದಿತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ. ಊರೂರು ಅಲೆಯುವ ಕುರಿಗಾಹಿ ಕುಟುಂಬವೂ ಆ ಚಿತ್ರದಲ್ಲಿ ಯಾವ ವಿವರಣೆಯೂ ಇಲ್ಲದೆ ಬಂದು ಬಿಡಾರ ಹೂಡುತ್ತದೆ.

ಹಿಂದಿ ಚಿತ್ರಗಳು ವಿಂಧ್ಯದ ಕೆಳಗಿನವರನ್ನೆಲ್ಲ ‘ಮದರಾಸಿ’ ಮಾಡಿ, ಹಣೆಗೆ ವಿಭೂತಿ ಬಳಿದು, ‘ಅಯ್ಯಯ್ಯೋ’ ಅನ್ನಿಸಿದಾಗ ನಾವು ಸಿಟ್ಟಾಗುತ್ತೇವೆ, ಆಗಬೇಕಾದ್ದೇ. ಆದರೆ ಬೆಂಗಳೂರಿನ ಸಿನಿಮಾ ‘ಏನ್ಲಾ, ಯಾಕ್ಲಾ’ ಎಂದು ಮಂಡ್ಯದವನನ್ನು ಮಚ್ಚು ಹಿಡಿದ ಒರಟನಾಗಿಯೋ ಪೆದ್ದನಾಗಿಯೋ ತೋರಿಸಿದಾಗ, ಮಂಡ್ಯದ ನಾವೇ ಸಾಬರ ಕನ್ನಡಕ್ಕೆ ಕೇಕೆ ಹಾಕಿದಾಗ, ಆ ಸಿಟ್ಟು ಎಲ್ಲಿ ಹೋಗಿರುತ್ತದೋ ತಿಳಿಯದು. ನಾನೂ ಕೇಕೆ ಹಾಕಿದವನೇ. ಗಂಜಾಂನ ಆ ದಿನದವರೆಗೂ.

ಇನ್ನು ನಿಮ್ಮ ಕಚೇರಿಗೆ ಸೇರಿದ ವಿಷಯಕ್ಕೆ ಬರುತ್ತೇನೆ. ಸಹಾಯಧನ, ಪ್ರಶಸ್ತಿ, ಪ್ರಮಾಣಪತ್ರ, ಎಲ್ಲದರ ಅರ್ಜಿಯಲ್ಲೂ ‘ಭಾಷೆ’ ಎಂಬ ಕಲಂ ಇರುತ್ತದೆ, ಅದರ ಮುಂದೆ ಒಂದು ಹೆಸರು ಬರೆಯುವಷ್ಟೇ ಜಾಗ. ರಾಷ್ಟ್ರಪ್ರಶಸ್ತಿಗಳಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ರಾಜ್ಯ ಪ್ರಶಸ್ತಿಯಲ್ಲಿ ತುಳು, ಕೊಡವ ಮುಂತಾದವಕ್ಕೆ ಪ್ರಾದೇಶಿಕ ಭಾಷೆಯ ಚಿತ್ರವೆಂಬ ವಿಭಾಗವಿದೆ, ಅದು ಒಳ್ಳೆಯದೇ ಆಯಿತು. ಕರಾವಳಿಯ ಮುಸ್ಲಿಮರ ಮನೆಮಾತಿನ ‘ಬ್ಯಾರಿ’ 2011ನೇ ಸಾಲಿನ ಅತ್ಯುತ್ತಮ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡದ್ದನ್ನು ನೋಡಿದರೆ, ಪರಿಚ್ಛೇದದ ಹೊರಗಿನ ಭಾಷೆಗೂ ಬಾಗಿಲು ಮುಚ್ಚಿಲ್ಲ ಎಂದಾಯಿತು. ಆದರೆ ಕಲಾಯಿ ಸಾಹೇಬರ ಮನೆಯೊಳಗಿನ ಚಿತ್ರ, ಅಡುಗೆಮನೆಯಲ್ಲಿ ದಖನಿ, ಜಗಲಿಯಲ್ಲಿ ಮಂಡ್ಯ ಕನ್ನಡ, ಮೊಮ್ಮಗಳ ಫೋನಿನಲ್ಲಿ ಬೆಂಗಳೂರಿನ ಇಂಗ್ಲಿಷು ಇರುವ ಚಿತ್ರ, ಆ ಕಲಂನಲ್ಲಿ ಏನೆಂದು ನಮೂದಾಗಬೇಕು? ಯಾವುದೋ ಒಂದು ನುಡಿ ತೂಕದಲ್ಲಿ ಹೆಚ್ಚಾಯಿತೆಂದು ಅರ್ಜಿ ಬದಿಗೆ ಸರಿಯಬಹುದೆಂಬ ಅಂಜಿಕೆಯಿಂದ ನಿರ್ಮಾಪಕರು ಎಲ್ಲರ ಬಾಯಿಗೂ ಒಂದೇ ಕನ್ನಡ ತುರುಕಿ, ಗುರುತಿಗಿರಲಿ ಎಂದು ನಾಲ್ಕು ‘ಅರೇ’ ಸೇರಿಸಿದರೆ ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಹ್ಯಾಂಬರ್ಗ್‌ನಲ್ಲಿ ತುರ್ಕಿ ಮೂಲದ ತಂದೆತಾಯಿಗೆ ಹುಟ್ಟಿದ ಫಾತಿಹ್ ಅಕಿನ್, ಪಾತ್ರಗಳು ಜರ್ಮನ್‌ನಿಂದ ತುರ್ಕಿಗೆ ತುರ್ಕಿಯಿಂದ ಜರ್ಮನ್‌ಗೆ ಹೊರಳುತ್ತಲೇ ಇರುವ ಚಿತ್ರ ಮಾಡಿ 2004ರಲ್ಲಿ ಬರ್ಲಿನ್ನಿನ ಚಿನ್ನದ ಕರಡಿ ಪಡೆದರು, ಆ ದೇಶದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯೂ ಅದಕ್ಕೇ ಬಂತು. ಅದರಿಂದ ಜರ್ಮನ್ ಭಾಷೆಗೆ ಏನೂ ಕುಂದಾಗಲಿಲ್ಲ.

ಕನ್ನಡಕ್ಕೆ ಮೀಸಲಾದ ಹಣವನ್ನು ಬೇರೆ ಭಾಷೆಗೆ ಹಂಚಿ ಎಂದು ನಾನು ಕೇಳುತ್ತಿಲ್ಲ. ಕನ್ನಡ ಮೇಷ್ಟ್ರು ಅದನ್ನು ಕೇಳಲಾರ. ಕರ್ನಾಟಕದಲ್ಲಿ ಕನ್ನಡ ಹೇಗೆ ಆಡಲ್ಪಡುತ್ತಿದೆಯೋ, ಯಾವ ಯಾವ ನುಡಿಗಳ ಜೊತೆ ಹೆಣೆದುಕೊಂಡಿದೆಯೋ, ಹಾಗೆಯೇ ಬಂದ ಚಿತ್ರವನ್ನು ಕನ್ನಡ ಚಿತ್ರವೆಂದೇ ಎಣಿಸಿ ಎಂದು ಕೇಳುತ್ತಿದ್ದೇನೆ. ಆಯ್ಕೆ ಸಮಿತಿಗೆ ಇದನ್ನು ಒಂದು ಸಾಲಿನ ಸೂಚನೆಯಾಗಿ ಕೊಟ್ಟರೂ ಸಾಕು. ಆ ಸಮಿತಿಗಳಲ್ಲಿ ಕೂರುವವರಲ್ಲಿ ದಖನಿ ಬಲ್ಲ, ಜೇನುನುಡಿ ಬಲ್ಲ, ಲಂಬಾಣಿ ಬಲ್ಲ ಒಬ್ಬರಾದರೂ ಇದ್ದರೆ, ಬಾಯಿಗೂ ಮಾತಿಗೂ ತಾಳೆಯಾಗದ ದೃಶ್ಯ ಬಂದಾಗ ಕೈ ಎತ್ತಲು ಜನ ಇರುತ್ತಾರೆ.

ಎರಡನೆಯದು ಚಿತ್ರನಗರಿಯ ಕೆಲಸ. ನಕಲಿ ಹಳ್ಳಿ, ನಕಲಿ ಅರಮನೆ, ನಕಲಿ ವಿಮಾನ ನಿಲ್ದಾಣ ಕಟ್ಟುವುದಕ್ಕೆ ಮುಂಚೆ, ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿಯುವ ತಂತ್ರಜ್ಞರನ್ನೂ ಸಲಕರಣೆಯನ್ನೂ ಸಣ್ಣ ನಿರ್ಮಾಪಕರ ಕೈಗೆಟಕುವ ಬಾಡಿಗೆಯಲ್ಲಿ ಒದಗಿಸುವ ಏರ್ಪಾಡು ಅಲ್ಲಿ ಆಗಲಿ. ಆ ಯುವಕನ ಬಳಿ ಅಂಥ ಸೌಕರ್ಯವಿದ್ದು ಹಿರಿಯರ ದನಿ ಅಲ್ಲೇ ಧ್ವನಿಮುದ್ರಣವಾಗಿದ್ದರೆ, ಅದನ್ನು ಅಳಿಸಿ ಬೇರೆಯದನ್ನು ಹಾಕಲು ಯಾರಿಗಾದರೂ ಒಂದು ಕ್ಷಣ ಕೈ ತಡೆಯುತ್ತಿತ್ತು. ಡಬ್ಬಿಂಗ್ ಮಾಡಲೇಬೇಕಾದಲ್ಲಿ ಈ ಸುತ್ತಿನ ಊರು, ಮೊಹಲ್ಲ, ಹಾಡಿಗಳಿಂದಲೇ ದನಿ ಕೊಡುವವರನ್ನು ಹುಡುಕಿ ಪಟ್ಟಿ ಮಾಡಿ, ತರಬೇತಿ ಕೊಡಿ. ಪಾತ್ರಕ್ಕೆ ದುಡ್ಡು ಕೊಡುವಂತೆ ಮಾತು ತಿದ್ದಿಕೊಟ್ಟವರಿಗೂ ದುಡ್ಡು, ಹೆಸರು ಎರಡೂ ಸಲ್ಲಲಿ. ಅದೇ ಬಜೆಟ್‌ನಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕೆಂದು 3 ಕೋಟಿ ರೂಪಾಯಿ ತೆಗೆದಿಟ್ಟಿದ್ದೀರಿ. ಅಲ್ಲಿ ಹಳೆಯ ಚಿತ್ರಗಳನ್ನು ಕಾಪಿಡುವಾಗ, ಯಾವ ಪಾತ್ರಕ್ಕೆ ಯಾರ ದನಿ ಎಂಬುದನ್ನೂ ಬದುಕಿರುವವರನ್ನು ಕೇಳಿ ಬರೆದಿಡಿಸಿ. ಇನ್ನು ಕೆಲವು ವರ್ಷ ಕಳೆದರೆ ಕೇಳಲು ಯಾರೂ ಉಳಿದಿರುವುದಿಲ್ಲ.

ಗಂಜಾಂನ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ಎಲ್ಲರ ಮನೆಯಲ್ಲೂ ಸ್ಟೀಲ್ ಪಾತ್ರೆ ಬಂದು ಕಲಾಯಿ ಕೆಲಸ ನಿಂತುಹೋಗಿದೆ, ತಿದಿ ಅಟ್ಟದ ಮೇಲಿದೆ. ಈ ಪತ್ರ ಬರೆಯುವುದಾಗಿ ಹೇಳಿ, ಅವರ ಮಾತನ್ನು ತಲೆಬರಹಕ್ಕೆ ಹಾಕಿಕೊಳ್ಳಲೇ ಎಂದು ಕೇಳಿದಾಗ, “ಹಾಕಳಿ ಸಾ, ಆದ್ರೆ ನಾನ್ ಹೇಳ್ದಂಗೇ ಹಾಕಿ” ಎಂದರು. ಹಾಗೆಯೇ ಹಾಕಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ,
ಮಂಡ್ಯ.